ಕಿವಿಯ ಕೆಲಸ ಕಣ್ಣಿಗೆ, ಕಣ್ಣಿನ ಕೆಲಸ ಕೈಗೆ

(ಕಿವುಡಿನ ಜತೆ ಬೇರೆ ವೈಕಲ್ಯವೂ ಇರುವ ಮಕ್ಕಳ ಪಾಠದ ಬಗ್ಗೆ ಮಂಗಳೂರಿನಲ್ಲಿ ವಿಶೇಷ ಶಿಕ್ಷಕರು, ಬಿಐಇಆರ್‌ಟಿ ಎನ್ನುವ ತಾಲೂಕು ಮಟ್ಟದ ಸಂಪನ್ಮೂಲ ಶಿಕ್ಷಕರು ಮತ್ತು ಪೋಷಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಶುರು ಮಾಡುವ ಮುಂಚೆ ಆ ಎಡಗಡೆ ಕಿಟಕಿಯ ಪರದೆ ಸ್ವಲ್ಪ ಎಳೆಯಿರಿ. ಸನ್ನೆ ಭಾಷೆಗೆ ಅನುವಾದಿಸುತ್ತಿರುವವರ ಬೆನ್ನ ಹಿಂದಿನಿಂದ ಬೆಳಕು ಬರುತ್ತಿದೆ. ಮುಂದಿನ ಸಾಲಿನಲ್ಲಿ ಕೂತಿರುವ ಕಿವುಡ ಪೋಷಕರಿಗೆ ಅವರ ಮುಖ ಕಪ್ಪಗೆ ಕಾಣುತ್ತದೆ. ಹುಬ್ಬು ಏರಿದ್ದು ಕಾಣದಿದ್ದರೆ ಹೇಳಿದ್ದು ಪ್ರಶ್ನೆಯೋ ಹೇಳಿಕೆಯೋ ಎಂದು ಗೊತ್ತಾಗುವುದಿಲ್ಲ. ಆಯಿತು, ಉಪಕಾರ.

ಕಿವುಡ ಮಕ್ಕಳಿಗೆ ಕಲಿಸುವ ನಮ್ಮ ವಿಧಾನಗಳೆಲ್ಲ ಒಂದೇ ಲೆಕ್ಕಾಚಾರದ ಮೇಲೆ ನಿಂತಿವೆ. ಕಿವಿ ಮಾಡದ ಕೆಲಸವನ್ನು ಕಣ್ಣು ಮಾಡುತ್ತದೆ, ನಾಲಿಗೆ ಮಾಡದ್ದನ್ನು ಕೈ ಮಾಡುತ್ತದೆ. ತುಟಿ ಓದುವುದು, ಸನ್ನೆ, ಚಿತ್ರ, ಬೋರ್ಡು ಎಲ್ಲವೂ ಅದೇ. ಈಗ ಆ ಮಗುವಿನ ಕಣ್ಣೂ ಮಂಜಾಗಿದ್ದರೆ? ಕೈ ಹೇಳಿದಂತೆ ಕೇಳದಿದ್ದರೆ? ಮುಖ ನೋಡುವುದೇ ಅವನಿಗೆ ಹಿಂಸೆಯಾಗಿದ್ದರೆ? ಅಲ್ಲಿಗೆ ನಮ್ಮ ಲೆಕ್ಕ ತಪ್ಪಿತು. ಕಿವುಡಿಗೆ ಒಬ್ಬ ಟೀಚರು, ಕಣ್ಣಿಗೆ ಇನ್ನೊಬ್ಬ ಟೀಚರು, ನಡುವೆ ಥೆರಪಿಗೆ ಅರ್ಧ ಗಂಟೆ ಎಂದು ಹಂಚಿಬಿಟ್ಟರೆ ಸಾಲದು. ಎರಡನೆಯ ತೊಂದರೆ ಮೊದಲನೆಯದಕ್ಕೆ ನಾವು ಕಟ್ಟಿದ ಸೇತುವೆಯನ್ನೇ ಮುರಿದಿರುತ್ತದೆ. ಇಂಥ ಕಡೆ ಸಾಮಾನ್ಯವಾಗಿ ನಡೆಯುವುದೇನೆಂದರೆ ಪಾಠವನ್ನು ಇಳಿಸುತ್ತಾರೆ, ಒಂದನೇ ತರಗತಿಯ ಚಿತ್ರವನ್ನು ಆರು ವರ್ಷ ತೋರಿಸುತ್ತಾರೆ. ಇಳಿಸುವ ಮೊದಲು ಪಾಠ ಹೋಗುವ ದಾರಿಯನ್ನು ಬದಲಿಸಿ ನೋಡಿದ್ದೀರಾ ಎಂಬುದೇ ನಮ್ಮ ಪ್ರಶ್ನೆ.

ಇಂಥ ಮಕ್ಕಳು ಅಪರೂಪ ಎಂದುಕೊಳ್ಳಬೇಡಿ. ಅಮೆರಿಕದ ಗ್ಯಾಲೊಡೆಟ್ ವಿಶ್ವವಿದ್ಯಾಲಯ ವರ್ಷಾನುಗಟ್ಟಲೆ ನಡೆಸಿದ ಸಮೀಕ್ಷೆಗಳಲ್ಲಿ ಕಿವುಡ ವಿದ್ಯಾರ್ಥಿಗಳಲ್ಲಿ ಸುಮಾರು ಶೇ. 40ರಷ್ಟು ಮಂದಿಗೆ ಇನ್ನೊಂದು ತೊಂದರೆಯೂ ಇತ್ತು. ಕಾರಣ ಸರಳ. ಕಿವಿಯನ್ನು ಕೆಡಿಸುವುದು ಕಿವಿಯಲ್ಲೇ ನಿಲ್ಲುವುದಿಲ್ಲ. ಗರ್ಭಿಣಿಗೆ ರುಬೆಲ್ಲಾ ಬಂದರೆ ಮಗುವಿಗೆ ಕಿವುಡಿನ ಜತೆ ಕಣ್ಣಿನ ಪೊರೆ, ಹೃದಯದ ದೋಷ ಬರಬಹುದು. ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆದದ್ದು 2017ರ ಫೆಬ್ರವರಿಯಲ್ಲಿ, ಅಂದರೆ ಅದಕ್ಕೆ ಮುಂಚೆ ಹುಟ್ಟಿದವರು ಇನ್ನೂ ನಮ್ಮ ತರಗತಿಗಳಲ್ಲಿ ಇರಬಹುದು. ಹುಟ್ಟಿದಾಗಿನ ಕಾಮಾಲೆ ತಲೆಗೆ ಏರಿದರೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ಪೆಟ್ಟಿನಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ, ಮತ್ತು ಶ್ರವಣ ನರದ ತೊಂದರೆ ಒಟ್ಟಿಗೆ ಬರಬಹುದು. ಮೆದುಳು ಪೊರೆಯ ಉರಿಯೂತ, ಅಂದರೆ ಮೆನಿಂಜೈಟಿಸ್, ಕಿವಿಯ ಜತೆ ದೇಹದ ಸಮತೋಲನವನ್ನೂ ಕೆಡಿಸಬಹುದು, ಫಿಟ್ಸ್ ಅನ್ನೂ ತರಬಹುದು. ದಿನ ತುಂಬದೆ ಹುಟ್ಟಿದ ಮಕ್ಕಳ ಕಥೆಯೂ ಹೀಗೇ.

ಹಾಗಾಗಿ ಮಗು ದಾಖಲಾದಾಗ "ಕಿವಿ ಎಷ್ಟು ಡೆಸಿಬೆಲ್" ಎಂದು ಕೇಳಿ ನಿಲ್ಲಿಸಬೇಡಿ. "ಕಾರಣ ಏನಂತೆ" ಎಂದೂ ಕೇಳಿ. ಮುಂದೆ ಏನು ಕಾಣಿಸಿಕೊಳ್ಳಬಹುದು ಎಂಬುದು ಅಲ್ಲಿದೆ.

ಮೊದಲು ಮಳೆಗಾಲದ ಕಿವಿ

ಈ ಮಗು ಕಲಿಯುವುದಿಲ್ಲ, ಗಮನ ಕೊಡುವುದಿಲ್ಲ ಎಂದು ಬರೆಯುವ ಮೊದಲು ಅವನ ಹಿಯರಿಂಗ್ ಏಡ್ ಬದುಕಿದೆಯಾ ನೋಡಿ. ಘಟ್ಟದ ಮೇಲಿನ ಊರಿಗೂ ನಮ್ಮ ಕರಾವಳಿಗೂ ಇಲ್ಲಿ ವ್ಯತ್ಯಾಸ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರು. ಕಿವಿಯೊಳಗೆ ಕೂರುವ ಅಚ್ಚಿಗೆ ಹೋಗುವ ತೆಳು ನಳಿಕೆಯಲ್ಲಿ ಬೆವರ ಹನಿಯಂತೆ ನೀರು ಕಟ್ಟುತ್ತದೆ. ಒಂದೇ ಹನಿ ಸಾಕು, ಶಬ್ದ ನಿಂತುಬಿಡುತ್ತದೆ. ಮೆಷಿನ್ ಸರಿಯಿದೆ, ಬ್ಯಾಟರಿ ಹೊಸದು, ಮಗುವಿಗೆ ಮಾತ್ರ ಏನೂ ಕೇಳಿಸುತ್ತಿಲ್ಲ. ಅಚ್ಚನ್ನು ಮೆಷಿನ್‌ನಿಂದ ಬಿಡಿಸಿ ರಬ್ಬರ್ ಬಲ್ಬಿನಿಂದ ಗಾಳಿ ಹೊಡೆದರೆ ಹನಿ ಹೊರಗೆ ಬರುತ್ತದೆ. ಬಾಯಿಂದ ಊದಬೇಡಿ, ಉಸಿರಿನಲ್ಲೂ ತೇವ ಇದೆ.

ರಾತ್ರಿ ಬ್ಯಾಟರಿ ಬಾಗಿಲು ತೆರೆದಿಟ್ಟು, ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಜತೆ ಇಡಬೇಕು. ನೀಲಿ ಹರಳು ಗುಲಾಬಿಯಾದರೆ, ಕಿತ್ತಳೆ ಹರಳು ಹಸಿರಾದರೆ ಅದರ ಕೆಲಸ ಮುಗಿದಿದೆ ಎಂದರ್ಥ. ಕೆಲವರು ಡಬ್ಬಕ್ಕೆ ಅಕ್ಕಿ ಹಾಕುತ್ತಾರೆ. ಅಕ್ಕಿಯ ಹಿಟ್ಟು ಮೈಕಿನ ತೂತಿಗೆ ಹೋಗುತ್ತದೆ, ಬೇಡ. ಇನ್ನು ಬ್ಯಾಟರಿ. ಇವು ಗಾಳಿಯಿಂದ ನಡೆಯುವ ಜಿಂಕ್-ಏರ್ ಬ್ಯಾಟರಿಗಳು, ಜೋರು ಮೆಷಿನ್‌ಗೆ 675 ನಂಬರಿನದ್ದು. ಸ್ಟಿಕ್ಕರ್ ಕಿತ್ತ ಮೇಲೆ ಒಂದೆರಡು ನಿಮಿಷ ಹೊರಗಿಟ್ಟು ಆಮೇಲೆ ಹಾಕಿ. ಒಮ್ಮೆ ಕಿತ್ತರೆ ಮೆಷಿನ್‌ನಲ್ಲಿ ಇದ್ದರೂ ಇಲ್ಲದಿದ್ದರೂ ಸವೆಯುತ್ತದೆ.

ಮೆಷಿನ್ ಹಾಕಿದ ಮಗುವಿಗೆ ಕೇಳುತ್ತಿದೆಯಾ ಎಂದು ನೋಡುವ ಬೆಳಗಿನ ಆರು ಶಬ್ದದ ಪರೀಕ್ಷೆ ನಿಮಗೆಲ್ಲ ಗೊತ್ತು: ಆ, ಊ, ಈ, ಶ್, ಸ್, ಮ್. ಮೂರಡಿ ದೂರದಿಂದ, ತುಟಿ ಕಾಣದ ಹಾಗೆ. ಕೇಳಿದಾಗ ಬಟ್ಟಲಿಗೆ ಗೋಲಿ ಹಾಕು ಎನ್ನುತ್ತೇವೆ. ಸೆರೆಬ್ರಲ್ ಪಾಲ್ಸಿಯ ಮಗು ಗೋಲಿ ಹಾಕುವುದು ಹೇಗೆ? ಅವನು ಕೇಳಿದ್ದಾನೆ, ಕೈ ಹೊರಡುವಷ್ಟರಲ್ಲಿ ನೀವು ಮುಂದಿನ ಶಬ್ದಕ್ಕೆ ಹೋಗಿದ್ದೀರಿ, ಪುಸ್ತಕದಲ್ಲಿ "ಪ್ರತಿಕ್ರಿಯೆ ಇಲ್ಲ" ಎಂದು ಬಿತ್ತು. ಅವನ ಉತ್ತರ ಕಣ್ಣು ಅಗಲವಾಗುವುದೋ, ಆಡುತ್ತಿದ್ದ ಕಾಲು ನಿಲ್ಲುವುದೋ ಇರಬಹುದು. ಮೊದಲು ಅದನ್ನು ಹುಡುಕಿ, ಪ್ರತಿ ಶಬ್ದದ ನಂತರ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಈ ಹತ್ತು ಎಣಿಸುವುದು ಇಡೀ ದಿನಕ್ಕೆ ಅನ್ವಯಿಸುತ್ತದೆ. ನಮಗೆ ಅದು ಯುಗದಂತೆ ಅನಿಸುತ್ತದೆ ಮಾರಾಯ್ರೆ, ಮಗುವಿಗೆ ಅದು ಬೇಕಾದ ಸಮಯ.

ಕಣ್ಣು ನಿಧಾನವಾಗಿ ಮುಚ್ಚಿಕೊಳ್ಳುವ ಮಕ್ಕಳು

ಅಷರ್ ಸಿಂಡ್ರೋಮ್ ಎಂಬುದನ್ನು ಕಿವುಡರ ಶಾಲೆಯ ಪ್ರತಿಯೊಬ್ಬರೂ, ಆಯಾ ಮತ್ತು ಬಸ್ಸಿನವರು ಕೂಡ ತಿಳಿದಿರಬೇಕು. ಹುಟ್ಟಿನಿಂದ ಕಿವುಡು, ಆಮೇಲೆ ಅಕ್ಷಿಪಟಲ (ರೆಟಿನಾ) ಸವೆಯುತ್ತ ಹೋಗಿ ಮೊದಲು ರಾತ್ರಿ ಕುರುಡು, ನಂತರ ಅಕ್ಕಪಕ್ಕದ ನೋಟ ಹೋಗಿ ಕೊಳವೆಯೊಳಗಿಂದ ನೋಡಿದಂತೆ ಆಗುತ್ತದೆ. ಮೊದಲ ಬಗೆಯಲ್ಲಿ ಒಳಕಿವಿಯ ಸಮತೋಲನವೂ ಇರುವುದಿಲ್ಲ, ಹಾಗಾಗಿ ಮಗು ನಡೆಯುವುದೇ ಒಂದೂವರೆ ವರ್ಷದ ನಂತರ. ಇದು ಆನುವಂಶಿಕ, ಸೋದರಮಾವ-ಅತ್ತೆ ಮಕ್ಕಳ ಮದುವೆಯ ಮನೆಗಳಲ್ಲಿ ಸಾಧ್ಯತೆ ಹೆಚ್ಚು.

ತರಗತಿಯಲ್ಲಿ ಇದು ಕಾಣುವುದು ಹಟದ ರೂಪದಲ್ಲಿ. ಬಿಸಿಲಿನಿಂದ ಒಳಗೆ ಬಂದವನು ಬಾಗಿಲಲ್ಲೇ ನಿಲ್ಲುತ್ತಾನೆ. ಸಂಜೆ ಆಟಕ್ಕೆ ಬರುವುದಿಲ್ಲ. ಪಕ್ಕದಿಂದ ಯಾರಾದರೂ ಸನ್ನೆ ಮಾಡಿದರೆ "ಬೇಕೆಂದೇ" ನೋಡುವುದಿಲ್ಲ. ಮೆಟ್ಟಿಲು ಇಳಿಯುವಾಗ ಕಾಲಿನಿಂದ ತಡಕುತ್ತಾನೆ, ಬಕೆಟ್ ಎಡವುತ್ತಾನೆ. ಬೋರ್ಡಿನ ಅಕ್ಷರ ಮಾತ್ರ ಸರಿಯಾಗಿ ಓದುತ್ತಾನೆ, ಏಕೆಂದರೆ ನಡುವಿನ ನೋಟ ಇನ್ನೂ ಇದೆ. ಅದಕ್ಕೇ ಶಾಲೆಯ ಸಾಮಾನ್ಯ ಕಣ್ಣಿನ ತಪಾಸಣೆಯಲ್ಲಿ ಸಿಕ್ಕಿಬೀಳುವುದಿಲ್ಲ. ಈ ನಾಲ್ಕೈದರಲ್ಲಿ ಎರಡು ಕಂಡರೂ ಅಕ್ಷಿಪಟಲ ನೋಡುವ ನೇತ್ರತಜ್ಞರ ಹತ್ತಿರ ಕಳಿಸಿ, "ಮಗು ಕಿವುಡ, ರಾತ್ರಿ ಕಾಣುವುದಿಲ್ಲ" ಎಂಬ ಎರಡು ಮಾತನ್ನು ಚೀಟಿಯಲ್ಲಿ ಬರೆದು ಕಳಿಸಿ.

ಇಂಥ ಮಗುವಿಗೆ ಸನ್ನೆ ಮಾಡುವಾಗ ಹತ್ತಿರ ಬರುವುದು ತಪ್ಪು. ಕೊಳವೆಯೊಳಗಿಂದ ನೋಡುವವನಿಗೆ ಎರಡಡಿಯಲ್ಲಿ ನಿಮ್ಮ ಮೂಗು ಮಾತ್ರ ಕಾಣುತ್ತದೆ, ಐದಾರು ಅಡಿ ಹಿಂದೆ ಸರಿದರೆ ಮುಖ ಮತ್ತು ಕೈ ಎರಡೂ ಚೌಕಟ್ಟಿಗೆ ಬರುತ್ತವೆ. ನೋಟ ಮಸುಕಾದ ಮಗುವಿಗೆ ಇದರ ತದ್ವಿರುದ್ಧ, ಹತ್ತಿರ ಬರಬೇಕು. ಎರಡನ್ನೂ "ದೃಷ್ಟಿದೋಷ" ಎಂದು ಒಂದೇ ಕಪಾಟಿಗೆ ಹಾಕಿದರೆ ಕೆಟ್ಟಿತು. ಸನ್ನೆಯನ್ನು ಗಲ್ಲದಿಂದ ಎದೆಯವರೆಗಿನ ಸಣ್ಣ ಚೌಕದಲ್ಲಿ ಮಾಡಿ. ಕೈ ಬಣ್ಣಕ್ಕೆ ಎದ್ದು ಕಾಣುವ ಒಂದೇ ಬಣ್ಣದ ಉಡುಪು ಇರಲಿ. ದೊಡ್ಡ ಹೂವಿನ ಸೀರೆ, ಹೊಳೆಯುವ ಬಳೆ ಆ ಅವಧಿಗೆ ಬೇಡ. ಹೆಂಚಿನ ಮನೆಯ ಒಳಕೋಣೆ, ರೆಡ್ ಆಕ್ಸೈಡ್ ನೆಲ, ಮಳೆಗೆ ಹೋದ ಕರೆಂಟು: ನಮ್ಮ ಮನೆಗಳಲ್ಲಿ ಮಗು ಸಂಜೆ ಆರರಿಂದ ಭಾಷೆಯೇ ಇಲ್ಲದೆ ಕೂತಿರುತ್ತದೆ. ಮಾತಾಡುವವರ ಮುಖದ ಮೇಲೆ ಬೀಳುವಂತೆ ಒಂದು ರೀಚಾರ್ಜ್ ಲೈಟು ಇಡಿಸಿ.

ಹಾಳೆ ತಟ್ಟೆಯ ದಿನಚರಿ

ಕಣ್ಣು-ಕಿವಿ ಎರಡೂ ಇಲ್ಲದ ಮಗುವಿಗೆ ಸಮಯ ಎಂಬುದೇ ಇರುವುದಿಲ್ಲ. ಯಾರೋ ಎತ್ತುತ್ತಾರೆ, ನೀರು ಬೀಳುತ್ತದೆ, ಬಾಯಿಗೆ ಏನೋ ಬರುತ್ತದೆ. ಕಿರುಚುವುದು, ತಲೆ ಬಡಿದುಕೊಳ್ಳುವುದು ಬಹುಮಟ್ಟಿಗೆ ಇದರಿಂದ. 1960ರ ದಶಕದಲ್ಲಿ ನೆದರ್ಲೆಂಡ್ಸ್‌ನ ಯಾನ್ ವಾನ್ ಡೈಕ್ ರುಬೆಲ್ಲಾದ ಮಕ್ಕಳ ಜತೆ ಕೆಲಸ ಮಾಡುತ್ತ ಮುಂದೆ ಏನು ನಡೆಯುತ್ತದೆ ಎಂದು ವಸ್ತು ಮುಟ್ಟಿಸಿ ತಿಳಿಸುವ ದಿನಚರಿ ಪೆಟ್ಟಿಗೆಯ ಕ್ರಮವನ್ನು ಬೆಳೆಸಿದರು. ಅದನ್ನು ಮಾಡಲು ಹೊರದೇಶದ ಪೆಟ್ಟಿಗೆ ಬೇಕಿಲ್ಲ. ಎರಡೂವರೆ ಅಡಿ ಹಲಗೆಯ ಮೇಲೆ ಅಡಿಕೆ ಹಾಳೆಯ ಮೂರು ಸಣ್ಣ ಬಟ್ಟಲನ್ನು ಸಾಲಾಗಿ ಮೊಳೆ ಹೊಡೆಯಿರಿ, ಬಲತುದಿಗೆ ಒಂದು ಬುಟ್ಟಿ. ಮಳೆಗಾಲದಲ್ಲಿ ಹಾಳೆಗೆ ಬೂಷ್ಟು ಬರುತ್ತದೆ, ಆಗ ಬದಲಿಸಿ.

ಬಟ್ಟಲಿಗೆ ಏನು ಹಾಕುವುದು? ಬಸ್ಸಿಗೆ ಆಟಿಕೆ ಬಸ್ಸು ಇಡುವುದು ಎಲ್ಲರೂ ಮಾಡುವ ತಪ್ಪು. ಆಟಿಕೆ ಬಸ್ಸು ಬಸ್ಸಿನ ಹಾಗಿರುವುದು ಕಣ್ಣಿದ್ದವರಿಗೆ. ಮಗುವಿನ ಕೈಗೆ ಬಸ್ಸು ಎಂದರೆ ಸೀಟಿನ ರೆಕ್ಸಿನ್, ಮುಂದಿನ ತಣ್ಣಗಿನ ಕಂಬಿ. ಹಾಗಾಗಿ ರೆಕ್ಸಿನ್ ತುಂಡು. ಸ್ನಾನಕ್ಕೆ ಅವನದೇ ಹಳೆಯ ಬೈರಾಸಿನ (ಟವೆಲಿನ) ತುಂಡು. ಗಂಜಿಗೆ ಅವನ ಚಮಚ. ಹೊರಗೆ ಹೋಗಲು ಕೊಡೆಯ ಹಿಡಿ.

ನಡೆಸುವ ಬಗೆ ಹೀಗೆ. ಮೊದಲ ಬಟ್ಟಲಿಗೆ ಅವನ ಜತೆ ಹೋಗಿ. ಅವನ ಕೈ ಹಿಡಿದು ಎಳೆದು ಬಟ್ಟಲಿಗೆ ತುರುಕಬೇಡಿ. ನಿಮ್ಮ ಕೈ ಕೆಳಗೆ, ಅವನ ಕೈ ಮೇಲೆ ಇರಲಿ. ನಿಮ್ಮ ಕೈ ಹುಡುಕುತ್ತದೆ, ಅವನ ಕೈ ಅದರ ಮೇಲೆ ಸವಾರಿ ಮಾಡುತ್ತದೆ, ಬೇಡವಾದಾಗ ಎತ್ತಿಕೊಳ್ಳುವ ಸ್ವಾತಂತ್ರ್ಯ ಅವನಿಗಿರುತ್ತದೆ. ಈ ಮಕ್ಕಳ ಕೈಯೇ ಕಣ್ಣು. ಮುಷ್ಟಿಯಲ್ಲಿ ಹಿಡಿದು ಎಳೆಯುವುದೆಂದರೆ ನಿಮ್ಮ ರೆಪ್ಪೆಯನ್ನು ಯಾರೋ ಬೆರಳಿನಿಂದ ಎಳೆದು "ನೋಡು" ಅಂದಂತೆ. ವಸ್ತು ಸಿಕ್ಕಿತು, ಅದನ್ನು ಅವನೇ ಹಿಡಿದುಕೊಂಡು ಬಚ್ಚಲಿಗೆ ಬರಲಿ. ಅಲ್ಲಿ ನಿಮ್ಮ ಕೈ ಮೇಲೆ ಅವನ ಕೈ ಇರುವಾಗ "ಸ್ನಾನ" ಸನ್ನೆ ಮಾಡಿ. ಸ್ನಾನ ಆದ ಮೇಲೆ ಬೈರಾಸು ತುಂಡನ್ನು ವಾಪಸ್ಸು ತಂದು ಬುಟ್ಟಿಗೆ ಹಾಕಿ "ಮುಗಿಯಿತು" ಸನ್ನೆ. ಈಗ ಎರಡನೇ ಬಟ್ಟಲು.

ಕೆಲವು ವಾರ, ಕೆಲವು ಮಕ್ಕಳಿಗೆ ಕೆಲವು ತಿಂಗಳು. ರೆಕ್ಸಿನ್ ಮುಟ್ಟಿ ಬಾಗಿಲ ಕಡೆ ತಿರುಗಿದ ದಿನ ಅವನಿಗೆ "ಮುಂದೆ" ಎಂಬುದು ಸಿಕ್ಕಿತು. ಅದಕ್ಕೆ ಮೊದಲು ನಾಲ್ಕನೇ ಬಟ್ಟಲು ಹಾಕಬೇಡಿ. ಕೆಡುವುದು ಎಲ್ಲಿ? ಆಯಾ ತುಂಡು ಒಗೆಯಲು ಹಾಕಿ ಹೊಸ ಬಟ್ಟೆ ಇಡುತ್ತಾರೆ, ಹೊಸ ಬಟ್ಟೆಗೆ ವಾಸನೆಯೇ ಬೇರೆ. ಸಮಯ ಸಾಲದೆಂದು ಮುಗಿದ ವಸ್ತುವನ್ನು ಟೀಚರೇ ಬುಟ್ಟಿಗೆ ಎಸೆಯುತ್ತಾರೆ, ಮಗುವಿಗೆ ಅದು ಮಾಯವಾದ ಹಾಗೆ. ನಮ್ಮ ಜಿಲ್ಲೆಯ ಸ್ಪೆಷಲ್ ತೊಂದರೆಯೆಂದರೆ ಮಳೆಗೆ ಡಿಸಿ ರಜೆ ಕೊಡುವುದು! ಬೆಳಿಗ್ಗೆ ರೆಕ್ಸಿನ್ ಹಿಡಿದು ಚೀಲದ ಜತೆ ಕೂತವನಿಗೆ ಬಸ್ಸು ಬರುವುದಿಲ್ಲ. ಹೇಳುವುದು ಹೇಗೆ? ಅದಕ್ಕೆ ಮನೆಯಲ್ಲೂ ಒಂದು ಹಲಗೆ ಇರಬೇಕು, "ಬದಲಾಯಿತು" ಎನ್ನಲು ಒಂದು ವಸ್ತು ಬೇಕು, ಉದಾಹರಣೆಗೆ ದಪ್ಪ ಗಂಟಿನ ಹಗ್ಗ. ಅದನ್ನು ಮೊದಲು ಖುಷಿಯ ಬದಲಾವಣೆಗೆ ಬಳಸಿ ಕಲಿಸಿ, ಪಾಠದ ಬದಲು ಉಯ್ಯಾಲೆ. ಕೆಟ್ಟ ಸುದ್ದಿಗೇ ಮೊದಲು ಬಳಸಿದರೆ ಹಗ್ಗ ಕಂಡರೇ ಕಿರುಚುತ್ತಾನೆ.

ಕೈ ಕೇಳದಿದ್ದಾಗ

ಸೆರೆಬ್ರಲ್ ಪಾಲ್ಸಿ ಇರುವ ಕಿವುಡ ಮಗುವಿಗೆ ಮೊದಲು ಕುರ್ಚಿ, ಆಮೇಲೆ ಭಾಷೆ. ಪಾದ ನೆಲಕ್ಕೋ ಹಲಗೆಗೋ ಊರಿರಬೇಕು, ಸೊಂಟ-ಮಂಡಿ 90 ಡಿಗ್ರಿ, ಮುಂದೆ ಮೊಣಕೈ ಊರಲು ಟ್ರೇ. ಕಾಲು ನೇತಾಡಿದರೆ ಬೀಳದಿರಲು ಅವನು ಕೈಯನ್ನು ಬಳಸುತ್ತಾನೆ, ಸನ್ನೆಗೆ ಕೈ ಉಳಿಯುವುದಿಲ್ಲ. ತಲೆಗೆ ಆನಿಕೆ ಇಟ್ಟರೆ ಅದು ಹಿಯರಿಂಗ್ ಏಡ್ ಒತ್ತಿ ಕುಂಯ್ ಎನ್ನುತ್ತದೆ, ಟೀಚರು ವಾಲ್ಯೂಮ್ ಇಳಿಸುತ್ತಾರೆ, ಮಗು ಮತ್ತೆ ಕಿವುಡ. ಇಳಿಸಬೇಕಾದ್ದು ವಾಲ್ಯೂಮ್ ಅಲ್ಲ, ಕಿವಿ ಕೂರುವ ಕಡೆ ಸ್ಪಂಜನ್ನು ಕತ್ತರಿಸಬೇಕು.

ಅವನ ಸನ್ನೆ ನಿಘಂಟಿನ ಹಾಗೆ ಇರುವುದಿಲ್ಲ. ಭಾರತೀಯ ಸನ್ನೆ ಭಾಷಾ ಸಂಶೋಧನಾ ಕೇಂದ್ರದ ನಿಘಂಟು 2021ರಲ್ಲಿ 10,000 ಪದಕ್ಕೆ ಬಂದಿದೆ, ಸಂತೋಷ. ಆದರೆ ಈ ಮಗುವಿಗೆ ಬೇಕಾದ್ದು ಅವನದೇ ಪುಟ್ಟ ನಿಘಂಟು. ಪ್ರತಿ ಸಲ ನೀರಿಗೆ ಮುಷ್ಟಿಯನ್ನು ಗಲ್ಲಕ್ಕೆ ತಾಗಿಸುತ್ತಾನಾದರೆ ಅದೇ ಅವನ "ನೀರು". ಮೊಬೈಲಿನಲ್ಲಿ ಐದು ಸೆಕೆಂಡಿನ ವಿಡಿಯೊ ತೆಗೆದು ಎಲ್ಲರಿಗೂ ಕಳಿಸಿ. ಅವನದ್ದನ್ನು ಒಪ್ಪಿಕೊಂಡು, ನೀವು ಉತ್ತರಿಸುವಾಗ ಪೂರ್ತಿ ಸನ್ನೆ ಮಾಡಿ. ಒಂದು ಕೈ ಮಾತ್ರ ನಡೆಯುವವನಿಗೆ ಇನ್ನೊಂದು ತೊಡಕು: ನಮ್ಮಲ್ಲಿ ಇಂಗ್ಲಿಷ್ ಅಕ್ಷರಗಳ ಬೆರಳ ಸನ್ನೆ ಹೆಚ್ಚಾಗಿ ಎರಡು ಕೈಯದ್ದು. ಟ್ರೇ ಮೇಲೆ ಎಡ ಅಂಗೈಯ ಚಿತ್ರ ಅಂಟಿಸಿದರೆ ಅದೇ ಅವನ ಎರಡನೇ ಕೈ.

ಆಟಿಸಂ, ಬೌದ್ಧಿಕ ತೊಂದರೆ, ಮತ್ತು ತಪ್ಪು ಓದುವುದು

ಆಟಿಸಂ ಇರುವ ಕಿವುಡ ಮಗುವಿನ ಗಲ್ಲ ಹಿಡಿದು ಮುಖ ತಿರುಗಿಸಬೇಡಿ. ನೀವೇ ಅವನು ನೋಡುತ್ತಿರುವ ಗೋಲಿಯ ಪಕ್ಕಕ್ಕೆ ಕೈ ತಂದು ಸನ್ನೆ ಮಾಡಿ. ಕೆಲವರು ಸನ್ನೆಯನ್ನು ಅಂಗೈ ತಿರುಗಿಸಿ ಮಾಡುತ್ತಾರೆ, ತಮಗೆ ಕಂಡದ್ದನ್ನು ಕಂಡ ಹಾಗೇ. ಇದು ತುಂಬ ಕಾಲ ಉಳಿದರೆ ಗಮನಿಸಬೇಕಾದ ಲಕ್ಷಣ. ಬೌದ್ಧಿಕ ತೊಂದರೆ ಇದ್ದರೆ ಸನ್ನೆ ಕಡಿಮೆ, ಜಾಗ ಹೆಚ್ಚು: "ನೀರು" ಒಂದನ್ನೇ ತರಗತಿ, ನಲ್ಲಿ, ಅಡುಗೆಮನೆ, ಬಸ್ಸು ನಾಲ್ಕೂ ಕಡೆ, ನಾಲ್ಕು ಜನರ ಜತೆ. ಒಂದೇ ಟೀಚರಿಗೆ ಮಾತ್ರ ಮಾಡುವ ಸನ್ನೆ ಇನ್ನೂ ಭಾಷೆಯಾಗಿಲ್ಲ. ಮಾತಿನ ಪ್ರಶ್ನೆಗಳಿರುವ ಐಕ್ಯೂ ಪರೀಕ್ಷೆಯ ಅಂಕ ತಂದರೆ ಒಪ್ಪಬೇಡಿ. ಅದು ಅವನ ಕಿವಿಯನ್ನು ಅಳೆದಿದೆ. ಚಿತ್ರಗಳ ಮಾತಿಲ್ಲದ ಪರೀಕ್ಷೆಯನ್ನು, ಸನ್ನೆ ಬಲ್ಲವರ ಎದುರು ಮಾಡಿಸಿ.

ಕಲಿಕಾ ನ್ಯೂನತೆ ಹಿಡಿಯುವುದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಕಿವುಡ ಮಗುವಿಗೆ ಕನ್ನಡವೇ ಹೊರಗಿನ ಭಾಷೆ. ಮನೆಯಲ್ಲಿ ತುಳುವಿನ ನುಪ್ಪು, ಕೊಂಕಣಿಯ ಶೀತ, ಶಾಲೆಯಲ್ಲಿ ಅನ್ನ, ಒಂದೇ ತಟ್ಟೆಗೆ ಮೂರು ತುಟಿ. "ಅಮ್ಮ ಅಂಗಡಿ ಹೋದಳು" ಎಂದು ಬರೆದರೆ ಗಾಬರಿ ಬೇಡ. ವಿಭಕ್ತಿ ಪ್ರತ್ಯಯ ಬೀಳುವುದು ಕಿವುಡಿನ ಗುರುತು. ಕೇಳುವ ಮಗು ಹಕ್ಕಿಯನ್ನು ಅಕ್ಕಿ ಎಂದು ಬರೆಯುತ್ತದೆ, ಕಿವಿಯಿಂದ ಬಂದ ತಪ್ಪು ಅದು. ಕಿವುಡ ಮಗು ಪದವನ್ನು ಚಿತ್ರದ ಹಾಗೆ ನೆನಪಿಡುತ್ತದೆ, ಆ ತಪ್ಪು ಅವನಿಗೆ ಅಪರೂಪ. ಅಂಥ ಮಗು ಶಾಲೆ ಎಂಬುದನ್ನು ಲೆಶಾ ಎಂದು ಬರೆದರೆ, ಬೋರ್ಡು ನೋಡಿ ಬರೆಯುವಾಗಲೂ ಸಾಲು ತಪ್ಪಿಸಿದರೆ, ಮೂರು ಸನ್ನೆಯ ಸರಣಿಯನ್ನು ಆ ಕ್ಷಣವೇ ತಿರುಗಿ ಮಾಡಲಾಗದಿದ್ದರೆ ಆಗ ಅನುಮಾನಿಸಿ. ಅತ್ತಿತ್ತ ನೋಡುವುದಕ್ಕೆ ಎಡಿಎಚ್‌ಡಿ (ಗಮನ ನಿಲ್ಲದ ತೊಂದರೆ) ಹಣೆಪಟ್ಟಿ ಬೇಡ. ಬಾಗಿಲು ತೆರೆದದ್ದನ್ನು ನೀವು ಕಿವಿಯಿಂದ ತಿಳಿಯುತ್ತೀರಿ, ಅವನು ತಿರುಗಿ ನೋಡಿಯೇ ತಿಳಿಯಬೇಕು.

ಆದರೆ ಸನ್ನೆಯ ನಡುವೆ ಐದರಿಂದ ಹತ್ತು ಸೆಕೆಂಡು ಕಲ್ಲಿನಂತೆ ನಿಂತು, ರೆಪ್ಪೆ ಪಟಪಟ ಬಡಿದು, ಮತ್ತೆ ಏನೂ ಆಗದಂತೆ ಮುಂದುವರಿದರೆ ಅದು ಫಿಟ್ಸ್ ಇರಬಹುದು. ವಿಡಿಯೊ ಮಾಡಿ, ಸಮಯ ಬರೆದು ನರರೋಗ ವೈದ್ಯರಿಗೆ ತೋರಿಸಿ. ದೊಡ್ಡ ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನೂ ತುರುಕಬೇಡಿ, ಕೈಗೆ ಬೀಗದಕೈ ಕೊಡಬೇಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ. ಎಚ್ಚರವಾಗುವಾಗ ಕಿವಿಯ ಮೆಷಿನ್ ಸರಿಪಡಿಸಿ, ಮುಖಕ್ಕೆ ಬೆಳಕು ಬರುವಂತೆ ಎದುರು ಕೂರಿ. ಸುತ್ತ ಜನ ನಿಂತು ಕೈ ಹಿಡಿದುಕೊಂಡರೆ ಅವನ ಬಾಯಿ ಕಟ್ಟಿದಂತೆ.

ಕಾಗದಪತ್ರ, ಕೊನೆಗೆ

ಪೋಷಕರು ಕೇಳಿದ್ದು: ಅಂಗವೈಕಲ್ಯದ ಸರ್ಟಿಫಿಕೇಟಿನಲ್ಲಿ ಕಿವುಡು ಶೇ. 60, ಇನ್ನೊಂದು ಶೇ. 40, ಒಟ್ಟು 100 ಯಾಕಿಲ್ಲ? ಸೂತ್ರ ಹೀಗಿದೆ: 90ರಿಂದ ದೊಡ್ಡ ಸಂಖ್ಯೆಯನ್ನು ಕಳೆಯಿರಿ, ಉಳಿದದ್ದರಿಂದ ಚಿಕ್ಕ ಸಂಖ್ಯೆಯನ್ನು ಗುಣಿಸಿ 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಸಂಖ್ಯೆಗೆ ಕೂಡಿ. 40ನ್ನು 30ರಿಂದ ಗುಣಿಸಿದರೆ 1,200, ಭಾಗಿಸಿದರೆ 13 ಚಿಲ್ಲರೆ, ಒಟ್ಟು ಸುಮಾರು 73. ಎರಡನ್ನೂ ದಾಖಲಿಸಿಕೊಳ್ಳುವುದು ಮುಖ್ಯ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಬಹು ಅಂಗವೈಕಲ್ಯ ಬೇರೆಯೇ ಇದೆ, ಕಿವುಡು-ಕುರುಡು ಅದರೊಳಗೆ ಬರುತ್ತದೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ, ಒಂದು ಲಕ್ಷ ರೂಪಾಯಿವರೆಗಿನದು, ಬರೀ ಕಿವುಡಿಗೆ ಸಿಗುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹು ವೈಕಲ್ಯಕ್ಕೆ ಸಿಗುತ್ತದೆ. ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿನಲ್ಲಿ "ಶ್ರವಣದೋಷ" ಎಂದಷ್ಟೇ ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಇನ್ನೊಂದು ಕಾಗದ ನೀವೇ ಮಾಡಬೇಕಾದ್ದು. ಒಂದೇ ಹಾಳೆ, ಮಗುವಿನ ಮಾತಿನಲ್ಲಿ. "ನನ್ನ ಬಲ ಭುಜ ಮುಟ್ಟಿ, ಆಮೇಲೆ ಎದುರು ಬನ್ನಿ. ಐದಡಿ ದೂರ ನಿಲ್ಲಿ. ಮುಷ್ಟಿ ಗಲ್ಲಕ್ಕೆ ಇಟ್ಟರೆ ನೀರು ಬೇಕು. ಹತ್ತು ಎಣಿಸಿ. ಕೈ ಎಳೆಯಬೇಡಿ. ಎಡಗಿವಿಯ ಮೆಷಿನ್ ಕುಂಯ್ ಎಂದರೆ ಅಚ್ಚು ಸರಿಯಾಗಿ ಕೂರಿಸಿ." ಲ್ಯಾಮಿನೇಶನ್ ಮಾಡಿ, ಇಲ್ಲದಿದ್ದರೆ ಜೂನ್‌ನಲ್ಲೇ ಶಾಯಿ ಹರಡುತ್ತದೆ. ಒಂದು ಪ್ರತಿ ಚೀಲದಲ್ಲಿ, ಒಂದು ಬಸ್ಸಿನವರಿಗೆ, ಒಂದು ಅಜ್ಜಿಮನೆಗೆ. ಮೂಲೆಯಲ್ಲಿ ಬರೆದ ತಾರೀಕು ಹಾಕಿ. ಆರು ತಿಂಗಳ ಹಿಂದಿನದ್ದಾದರೆ ಆ ಹಾಳೆಯಲ್ಲಿರುವುದು ಈಗಿನ ಮಗು ಅಲ್ಲ, ಹೊಸದು ಬರೆಯಿರಿ.